ಪಲ್ಲವಿಗೆ ಮಾತು ಮೊದಲು, ಚರಣಕ್ಕೆ ಟ್ಯೂನ್ ಮೊದಲು

ಕನ್ನಡ ಸಿನಿಮಾಗೆ ಹಾಡು ಬರೆಯಲು ಶುರು ಮಾಡಿ ಹತ್ತಿರ ಹತ್ತಿರ 27 ವರ್ಷವಾಯಿತು. ಅದರಲ್ಲಿ 24 ವರ್ಷ ಒಬ್ಬನೇ ಸಂಗೀತ ನಿರ್ದೇಶಕನ ಜೊತೆ. ಇಬ್ಬರೂ ಸೇರಿ ಮುನ್ನೂರರ ಆಸುಪಾಸು ಹಾಡು ಮಾಡಿದ್ದೇವೆ. "ಹೀಗೆಲ್ಲ ಈ ಫೀಲ್ಡಲ್ಲಿ ನಡೆಯಲ್ಲ ಕಣಯ್ಯಾ" ಎಂದವರೇ ಈಗ ಫೋನ್ ಮಾಡಿ, ನೀವಿಬ್ಬರೂ ಹೇಗೆ ಕೂರ್ತೀರಿ ಎಂದು ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಮೂರು ವರ್ಷ ನಾನೂ ಎಲ್ಲರ ಹಾಗೇ. ಕ್ಯಾಸೆಟ್‌ನಲ್ಲಿ 'ಲಾಲಾಲ' ತುಂಬಿದ ಟ್ಯೂನ್ ಬರುತ್ತಿತ್ತು. ರಾತ್ರಿ ಕೂತು ಬರೆದು ಬೆಳಿಗ್ಗೆ ಕೊಡಬೇಕು. ಹಾಡಿಗೆ 500 ರೂಪಾಯಿ, ಅಪರೂಪಕ್ಕೆ ಸಾವಿರ. ಒಬ್ಬ ನಿರ್ಮಾಪಕರು ಕೊಟ್ಟ ಆರು ಸಾವಿರದ ಚೆಕ್ ಎರಡು ಸಲ ಬೌನ್ಸ್ ಆಯಿತು. ಆ ದುಡ್ಡು ಇವತ್ತಿಗೂ ಬಂದಿಲ್ಲ. ಅದಕ್ಕಿಂತ ಜಾಸ್ತಿ ನೋಯಿಸಿದ್ದು ಒಂದೇ ಒಂದು ಪದ. 'ಬಳೆ ಸದ್ದು' ಎಂದು ಬರೆದಿದ್ದೆ. ಟ್ಯೂನಿನ ಉದ್ದ ಸ್ವರ ಸರಿಯಾಗಿ 'ಬ' ಮೇಲೆ ಬಿತ್ತು. ಹಾಡು ಹೊರಬಂದಾಗ ಕೇಳಿಸಿದ್ದು 'ಬಾಳೆ ಸದ್ದು'. ಅಕ್ಷರದ ಲೆಕ್ಕ ಸರಿಯಿತ್ತು, ಗುರು ಬರಬೇಕಾದ ಕಡೆ ಲಘು ಕೂರಿಸಿದ್ದೆ.

ಅದೇ ಹಾಡಿಗೆ ಕೀಬೋರ್ಡ್ ನುಡಿಸಿದ್ದ ಹುಡುಗ ಸ್ಟುಡಿಯೋ ಹೊರಗೆ ಬಂದು, "ಸಾರ್, ಆ ಸಾಲನ್ನ ಒಂದ್ಸಲ ಸುಮ್ನೆ ಮಾತಲ್ಲಿ ಹೇಳಿ" ಎಂದ. ಹೇಳಿದೆ. ನನ್ನ ಮಾತಿನ ಏರಿಳಿತವನ್ನೇ ಹಿಡಿದು ನಿಂತಲ್ಲೇ ಒಂದು ಟ್ಯೂನ್ ಗುನುಗಿದ. 'ಬಳೆ' ಬಳೆಯಾಗಿಯೇ ಉಳಿಯಿತು. ಅವನೇ ನನ್ನ ಜೋಡಿ.

ನಾವು ಕೆಲಸ ಮಾಡುವುದು ಹೀಗೆ. ಪಲ್ಲವಿಯ ಮೊದಲ ಸಾಲನ್ನು ನಾನು ಬರೆದು ಕೊಡುವುದಿಲ್ಲ, ಎದುರಿಗೆ ಕೂತು ಹೇಳುತ್ತೇನೆ. ಅವನು ಹಾರ್ಮೋನಿಯಂ ಮುಟ್ಟದೆ ಮೂರು ಸಲ ಕೇಳುತ್ತಾನೆ. ನನ್ನ ಒತ್ತು ಎಲ್ಲಿ ಬೀಳುತ್ತದೋ ಅಲ್ಲೇ ತಾಳದ ಪೆಟ್ಟು. ಚರಣಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಟ್ಯೂನ್ ಅವನದು, ನಾನು ಅದರೊಳಗೇ ಬರೆಯಬೇಕು, ಒಂದು ಮಾತ್ರೆಯೂ ಆಚೆ ಹೋಗುವ ಹಾಗಿಲ್ಲ. ಚರಣದಿಂದ ಪಲ್ಲವಿಗೆ ವಾಪಸ್ ಬರುವ ಜಾಗದಲ್ಲಿ ಇನ್ನೊಂದು ಕೆಲಸ ಮಾಡುತ್ತೇವೆ. ಅದು ಮಾತ್ರ ನಮ್ಮಿಬ್ಬರ ನಡುವೆಯೇ ಇರಲಿ.

ಜೋಡಿಯಾದ ಮೊದಲ ಎರಡು ವರ್ಷ ಇದರಿಂದ ನಷ್ಟವೇ. ನಿರ್ದೇಶಕರು ಒಂದೇ ಕಂಪೋಸಿಂಗ್‌ನಲ್ಲಿ ಹದಿನೈದು ಟ್ಯೂನ್ ಕೇಳಬೇಕು ಅಂತಾರೆ. ನಮ್ಮ ಹತ್ತಿರ ಎರಡೋ ಮೂರೋ. ನಾಲ್ಕು ಸಿನಿಮಾ ಕೈತಪ್ಪಿದವು. ಎರಡು ವರ್ಷಕ್ಕೆ ನನಗೆ ಸಿಕ್ಕಿದ್ದು ಮೂವತ್ತು ಸಾವಿರವೂ ಇರಲಿಲ್ಲ. ಆದರೂ ಬಂದಿದ್ದನ್ನು ಅರ್ಧ ಅರ್ಧ ಹಂಚಿಕೊಂಡೆವು. ಸಾಹಿತ್ಯಕ್ಕಿಂತ ಸಂಗೀತಕ್ಕೆ ದುಡ್ಡು ಜಾಸ್ತಿ ಅಂತ ನಿಮಗೆ ಗೊತ್ತೇ ಇದೆ ಅಲ್ವಾ? ಅವನು ಮನಸ್ಸು ಮಾಡದಿದ್ದರೆ ಈ ಜೋಡಿ ಆರು ತಿಂಗಳೂ ಬಾಳುತ್ತಿರಲಿಲ್ಲ. ಐದನೇ ವರ್ಷ ಒಂದು ಹಾಡು ಹಿಡಿಯಿತು. ಆಟೋದಿಂದ ಆರ್ಕೆಸ್ಟ್ರಾದವರೆಗೆ ಅದೇ.

2012ರ ಕಾಪಿರೈಟ್ ತಿದ್ದುಪಡಿ ಆದಮೇಲೆ ನಮ್ಮ ರಾಯಲ್ಟಿ ಹಕ್ಕನ್ನು ನಿರ್ಮಾಪಕರಿಗೆ ಬರೆದುಕೊಡುವ ಹಾಗಿಲ್ಲ. ಹಾಡಿನ ರಾಯಲ್ಟಿ ಸಂಗ್ರಹಿಸಿ ಹಂಚುವ ಸಂಸ್ಥೆ ಐಪಿಆರ್‌ಎಸ್. ಅದರ ಲೆಕ್ಕದಲ್ಲಿ ನೂರಕ್ಕೆ 50 ಪಬ್ಲಿಷರ್‌ಗೆ, ಅಂದರೆ ಹಾಡಿನ ಹಕ್ಕು ಇರುವವರಿಗೆ, 25 ಬರೆದವರಿಗೆ, 25 ಸಂಗೀತಕ್ಕೆ. ನಮ್ಮಿಬ್ಬರ ಲೆಕ್ಕ ಕಾಗದದಲ್ಲೂ ಸಮವಾಯಿತು. ನಾನು ಹಳೇ ಹಾಡುಗಳನ್ನು ಅಲ್ಲಿ ತಡವಾಗಿ ನೋಂದಾಯಿಸಿದೆ. ನೀವು ಹಾಗೆ ಮಾಡಬೇಡಿ. ಹಾಡು ಬಿಡುಗಡೆಯಾದ ವಾರವೇ ಮುಗಿಸಿ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆವು. ಅಂತ್ಯಪ್ರಾಸ ಬಿಟ್ಟು ಬರೀ ಆದಿಪ್ರಾಸದಲ್ಲಿ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರುವ ಹಾಗೆ, ಒಂದು ಡ್ಯೂಯೆಟ್ ಮಾಡಿದೆವು. ಸಿನಿಮಾ ಓಡಲಿಲ್ಲ. ಆದರೆ ಆ ಪಲ್ಲವಿ ಕೇಳಿದವರ ಬಾಯಲ್ಲಿ ತಪ್ಪಿಲ್ಲದೆ ಉಳಿದಿದೆ. ಎರಡನೇ ಅಕ್ಷರ ಹಿಡಿದರೆ ಮುಂದಿನ ಪದ ತಾನಾಗಿ ಬರುತ್ತದೆ. ಆ ಹಾಡಿನ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ.

ಇನ್ನೊಂದು ಪ್ರಯೋಗ ಮುಂಬೈ ಗಾಯಕರ ಜೊತೆ. ಅವರು ದೇವನಾಗರಿಯಲ್ಲಿ ಬರೆದುಕೊಂಡು ಹಾಡುತ್ತಾರೆ. ಹಿಂದಿ ಬರವಣಿಗೆಯಲ್ಲಿ ಹ್ರಸ್ವ 'ಎ'ಗೆ ಬೇರೆ ಗುರುತಿಲ್ಲ. 'ಬೆಳೆ' ಹೋಗಿ 'ಬೇಳೆ' ಆಗುತ್ತದೆ. ನಾವು ಹಾಳೆ ಕಳಿಸುವುದನ್ನೇ ಬಿಟ್ಟೆವು. ನಾನು ಸಾಲುಗಳನ್ನು ನಿಧಾನವಾಗಿ ಮಾತಲ್ಲಿ ಹೇಳಿ, ರೆಕಾರ್ಡ್ ಮಾಡಿ ಕಳಿಸುತ್ತೇನೆ. ಕೇಳಿ ಕಲಿತು ಬರುತ್ತಾರೆ. ಮೊದಲೆಲ್ಲ ಒಂದು ಹಾಡಿಗೆ ಐದಾರು ಗಂಟೆ ಹಿಡಿಯುತ್ತಿತ್ತು, ಈಗ ಎರಡು ಗಂಟೆ ಸಾಕು.

ಹೋದ ತಿಂಗಳು ಒಂದು ಪಲ್ಲವಿಯಲ್ಲಿ ಬೇಕೆಂದೇ ಮತ್ತೆ 'ಬಳೆ' ಇಟ್ಟೆ. ಹಾಡಿದ ಹುಡುಗಿಗೆ ಕನ್ನಡ ಬರುವುದಿಲ್ಲ. ಮೊದಲ ಟೇಕ್‌ನಲ್ಲೇ 'ಬ' ಚಿಕ್ಕದಾಗಿ ಬಂತು, 'ಳ'ಕಾರವೂ ಸ್ಪಷ್ಟವಾಗಿತ್ತು. ಕನ್ಸೋಲ್ ಮುಂದೆ ಕೂತಿದ್ದ ಅವನು ನನ್ನ ಕಡೆ ತಿರುಗಿ, "ಸಾರ್, ಓಕೆ ಅಲ್ವಾ?" ಎಂದ.