ಮೊದಲು ಜ್ಯೂಸ್ ಬಿಟ್ಟವರು ನಮ್ಮ ಮಾವ

"ಎರಡು ದಿನ ನೋಡು, ಮೂರನೇ ದಿನ ಮತ್ತೆ ಅದೇ ಜ್ಯೂಸ್ ಪ್ಯಾಕೆಟ್" ಅಂತ ಅತ್ತೆ ನಕ್ಕಿದ್ದರು. ಈಗ ಹತ್ತಿರ ಹತ್ತಿರ ಎಂಟು ತಿಂಗಳಾಯಿತು. ನಾಲ್ಕು ವರ್ಷದ ಮಗಳು ಮಾವಿನ ಜ್ಯೂಸ್ ಕೇಳಿಲ್ಲ. ಸ್ವಲ್ಪ ಕೊಚ್ಚಿಕೊಳ್ಳಬಹುದು ಅಲ್ವಾ?

ಅವಳಿಗೆ ಸಕ್ಕರೆ ಬಿಡಿಸೋಕೆ ಮೊದಲು ಮಾಡಿದ್ದೆಲ್ಲ ದಂಡ. ಮನೆಯಲ್ಲೇ ಹಿಂಡಿದರೆ ಒಳ್ಳೆಯದು ಅಂತ ಸುಮಾರು 3,800 ರೂಪಾಯಿಗೆ ಜ್ಯೂಸರ್ ತಂದೆ. ನಾರೆಲ್ಲ ಎಸೆದು, ಹುಳಿಯಾಯಿತೆಂದು ಮೇಲೆ ಸಕ್ಕರೆ ಹಾಕಿದವಳೂ ನಾನೇ! ಈಗ ಅದು ಅಟ್ಟದ ಮೇಲಿದೆ. ಆಮೇಲೆ ಹಾಲಿಗೆ ಸಕ್ಕರೆ ಒಮ್ಮೆಲೇ ನಿಲ್ಲಿಸಿದೆ. ನಾಲ್ಕು ದಿನ ಹುಡುಗಿ ಲೋಟ ಮುಟ್ಟಲಿಲ್ಲ. ಐದನೇ ದಿನ ಅತ್ತೆ ಗುಟ್ಟಾಗಿ ಚಾಕಲೇಟ್ ಪುಡಿ ಹಾಕಿ ಕುಡಿಸಿದರು. ಓಣಿಯ ಅಂಗಡಿಯವರಿಗೆ "ನಮ್ಮ ಪಾಪುಗೆ ಜ್ಯೂಸ್ ಕೊಡಬೇಡ್ರಿ" ಅಂದೆ. ಅವರು ಕೊಡಲಿಲ್ಲ. ಅವಳಿಗೆ ಜ್ಯೂಸ್ ಕೊಡಿಸುತ್ತಿದ್ದ ಮಾವ ಮುಂದಿನ ಅಂಗಡಿಗೆ ಹೋದರು. ಅಷ್ಟರಲ್ಲಿ ಎರಡು ಹಲ್ಲು ಹುಳುಕಾಗಿ, 5,500ರಷ್ಟು ಹೋಯಿತು.

ಪ್ಯಾಕೆಟ್ ತಿರುಗಿಸಿ ಓದಿದ್ದು ಆಗಲೇ. 100 ಮಿ.ಲೀ.ಗೆ 13-14 ಗ್ರಾಂ ಸಕ್ಕರೆ. ಹತ್ತು ರೂಪಾಯಿಯ ಒಂದು ಪ್ಯಾಕೆಟ್ಟಿಗೆ ಹತ್ತಿರ ಹತ್ತಿರ ನಾಲ್ಕು ಚಮಚ. ದಿನಕ್ಕೆ ಒಂದು, ಕೆಲವೊಮ್ಮೆ ಎರಡು. ಅತ್ತೆಯ ಚಾಕಲೇಟ್ ಪುಡಿಯ ವಿಷಯಕ್ಕೆ ನಾನು ಬಾಯಿ ಬಿಡಬೇಕಾಗಲಿಲ್ಲ. ಹಾಲಿಗೆ ಹಾಕುವ ಇಂಥ ಪುಡಿಗಳನ್ನು 'ಹೆಲ್ತ್ ಡ್ರಿಂಕ್' ಪಟ್ಟಿಯಿಂದ ತೆಗೆಯಿರಿ ಅಂತ 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ ಹೇಳಿತ್ತಲ್ಲ, ಆ ಸುದ್ದಿಯನ್ನು ಮಾವನವರೇ ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದ್ದರು!

ಹಾಗಿದ್ದೂ ಸಂಜೆ ಐದಕ್ಕೆ ಜ್ಯೂಸ್ ಕೊಡಿಸುತ್ತಿದ್ದವರೂ ಅವರೇ. ಮೊಮ್ಮಗಳ ಕೈಗೆ ಏನಾದರೂ ಕೊಡಬೇಕು, ಅದೇ ಅವರ ದಿನದ ಖುಷಿ. ಅದನ್ನು ಕಿತ್ತುಕೊಳ್ಳೋದು ಹೇಗೆ? ಹಳೇ ಕಡಗೋಲು ಹುಡುಕಿ ತೆಗೆದೆ. "ಮಾವ, ನಿಮ್ಮ ಕಾಲದ ಮಜ್ಜಿಗೆ ಇವಳಿಗೂ ತೋರಿಸ್ರಿ" ಅಂದೆ. ಅಷ್ಟೇ. ಈಗ ದಾವಣಗೆರೆ ಬಿಸಿಲಲ್ಲಿ ಅಜ್ಜ-ಮೊಮ್ಮಗಳು ಜಗಲಿ ಮೇಲೆ ಕೂತು ಮಜ್ಜಿಗೆ ಕಡೆಯುತ್ತಾರೆ. ತಾನೇ ಕಡೆದದ್ದು ಅಂತ ಅವಳು ಎರಡು ಲೋಟ ಕುಡಿಯುತ್ತಾಳೆ. ಒಗ್ಗರಣೆಗೆ ಏನು ಹಾಕುತ್ತೇನೆ ಅನ್ನೋದು ನನ್ನ ಗುಟ್ಟು, ಬರೆಯೋದಿಲ್ಲ.

ಮಜ್ಜಿಗೆ ಕೆಂಪಾಗಲಿ ಅಂತ ಒಮ್ಮೆ ಬೀಟ್‌ರೂಟ್ ಹಾಕಿದೆ. ಒಂದೇ ದಿನ ಇಷ್ಟಪಟ್ಟಳು. ಫ್ರಾಕಿನ ಕಲೆ ಮಾತ್ರ ಇನ್ನೂ ಇದೆ. ರಾಗಿ ಅಂಬಲಿ ಪೂರ್ತಿ ಸೋತಿತು. ಹಾಲಿನ ಸಕ್ಕರೆಯನ್ನು ಈ ಸಲ ವಾರಕ್ಕೆ ಕಾಲು ಚಮಚದಂತೆ ಇಳಿಸಿದೆ. ಎರಡು ಚಮಚ ಸೊನ್ನೆಗೆ ಬರಲು ಎರಡು ತಿಂಗಳು ಹಿಡಿಯಿತು. ಬೆಲ್ಲ ಬೇರೆ, ಸಕ್ಕರೆ ಬೇರೆ ಅಂತ ಅತ್ತೆಯ ವಾದ. ಹಲ್ಲಿಗೆ ಎರಡೂ ಒಂದೇ ಅಂತ ನನ್ನದು. ರಾಮನವಮಿ ಪಾನಕದ ದಿನ ಸುಮ್ನಿದ್ದೆ. ನಮ್ಮವರು ಭಾನುವಾರದ ಕೋಲಾವನ್ನು ಈಗ ಮಹಡಿ ಮೇಲೆ ಕದ್ದು ಕುಡಿಯುತ್ತಾರೆ. ಮಗಳ ಕಣ್ಣಿಗೆ ಬೀಳದಿದ್ದರೆ ಸಾಕು.

ತಿಂಗಳಿಗೆ ಒಂದಷ್ಟು ದುಡ್ಡು ಉಳಿಯಬೇಕಿತ್ತು. ಮೊಸರಿಗೆ ಹಾಲು ಜಾಸ್ತಿ ತರೋದರಿಂದ ಅದೂ ಹೋಗುತ್ತಿದೆ. ಮೊನ್ನೆ ಮದುವೆ ಮನೆಯಲ್ಲಿ ಯಾರೋ ಜ್ಯೂಸ್ ಲೋಟ ಕೊಟ್ಟರು. "ನಮ್ಮ ಪಾಪು ಇಂಥದ್ದೆಲ್ಲ ಕುಡಿಯಲ್ಲ" ಅಂತ ಮಾವ ಹೆಮ್ಮೆಯಿಂದ ಹೇಳುತ್ತಲೇ ಇದ್ದರು. ಅಷ್ಟರಲ್ಲಿ ಅವಳು ಅರ್ಧ ಲೋಟ ಮುಗಿಸಿದ್ದಳು.