ಕೊಪ್ಪಳದಲ್ಲಿ ಕೂತು ನೇತ್ರಾಣಿಯ ಸಮುದ್ರ ಅಳೆಯುವುದು: ನನ್ನ ಅನುಭವ

ನೇತ್ರಾಣಿ ಅಂದರೆ ಮುರ್ಡೇಶ್ವರದ ಕಡಲಲ್ಲಿರುವ ದ್ವೀಪ. ಸ್ನಾರ್ಕೆಲಿಂಗ್ (ಬಾಯಲ್ಲಿ ಕೊಳವೆ ಕಚ್ಚಿ ನೀರಿನ ಮೇಲೆ ತೇಲುತ್ತ ಕೆಳಗೆ ನೋಡುವುದು), ಡೈವಿಂಗ್ (ನೀರಿನಾಳಕ್ಕೆ ಇಳಿಯುವುದು) ಮಾಡಲು ಅಲ್ಲಿಗೆ ಹೋಗುತ್ತೇನೆ. ಕೊಪ್ಪಳದಿಂದ ಮುರ್ಡೇಶ್ವರಕ್ಕೆ ಗದಗ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ದಾಟಿ ರಾತ್ರಿಯಿಡೀ ಹೋಗಬೇಕು. ಅಲ್ಲಿ ಮುಟ್ಟಿದ ಮೇಲೆ ‘ಇವತ್ತು ಬೋಟ್ ಬಿಡಲ್ಲ’ ಅಂದರೆ ರೊಕ್ಕವೂ ಹೋಯಿತು, ರಜೆಯೂ ಹೋಯಿತು. ಅದಕ್ಕೇ ನೇತ್ರಾಣಿಗೆ ಹೋಗುವುದೋ ಬಿಡುವುದೋ ಎಂಬುದನ್ನು ಗಾಡಿ ಹತ್ತುವ ಮೊದಲೇ ತೀರ್ಮಾನಿಸುತ್ತೇನೆ. ಮಳೆಗಾಲದಲ್ಲಿ ಈ ಮಾತೇ ಬರುವುದಿಲ್ಲ. ಇದೆಲ್ಲ ಅಕ್ಟೋಬರಿನಿಂದ ಮೇ ತನಕದ ಲೆಕ್ಕ.

ಮೊದಲು ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಎಚ್ಚರಿಕೆ. ‘ಕಡಲಿಗೆ ಇಳಿಯಬೇಡಿ’ ಎಂದಿದ್ದರೆ ಮುಂದಿನದು ನೋಡುವುದೇ ಬೇಡ. ಇಲ್ಲದಿದ್ದರೆ ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇನ್ಕಾಯಿಸ್ ಸಂಸ್ಥೆಯ ಅಲೆ ಮುನ್ಸೂಚನೆ, ಜೊತೆಗೆ ಗಾಳಿ ತೋರಿಸುವ ಒಂದು ಆ್ಯಪ್. ಆ್ಯಪ್‌ನಲ್ಲಿ ‘ಮುರ್ಡೇಶ್ವರ’ ಎಂದು ಟೈಪ್ ಮಾಡಿದರೆ ಊರಿನ ಗಾಳಿ ಬರುತ್ತದೆ. ದ್ವೀಪ ಇರುವುದು ದಡದಿಂದ ಸುಮಾರು 19 ಕಿ.ಮೀ. ಆಚೆ, ಪಿನ್ ಅಲ್ಲೇ ಊರಬೇಕು. ಗಾಳಿಯ ಅಳತೆ ನಾಟ್‌ನಲ್ಲಿದೆಯೋ (ಕಡಲಿನವರು ವೇಗ ಅಳೆಯುವ ಮಾನ) ಸೆಕೆಂಡಿಗೆ ಮೀಟರ್‌ನಲ್ಲಿದೆಯೋ ನೋಡಿ. ಸೆಕೆಂಡಿಗೆ 10 ಮೀಟರ್ ಅಂದರೆ 19 ನಾಟ್ ದಾಟಿತು. ಸಮಯ ಯುಟಿಸಿಯಲ್ಲಿದ್ದರೆ (ಜಗತ್ತಿಗೆಲ್ಲ ಒಂದೇ ಆದ ಗಡಿಯಾರ) ನಮ್ಮ ಸಮಯಕ್ಕೆ ಐದೂವರೆ ತಾಸು ಕೂಡಿಸಿಕೊಳ್ಳಿ.

ಗಾಳಿ 10 ನಾಟ್ ಒಳಗಿದ್ದರೆ ಹೊರಡುತ್ತೇನೆ. 15 ದಾಟಿದರೆ ಸ್ನಾರ್ಕೆಲಿಂಗ್ ಇಲ್ಲ: ನೊರೆ ಅಲೆ ಎದ್ದು ಕೊಳವೆಯೊಳಗೆ ನೀರು ನುಗ್ಗುತ್ತದೆ, ತೇಲುತ್ತಿರುವವರ ತಲೆಯೂ ಬೋಟಿನವರಿಗೆ ಕಾಣುವುದಿಲ್ಲ. ಮಧ್ಯಾಹ್ನ ಕಡಲಗಾಳಿ ಬಲಿಯುವುದರಿಂದ ಬೆಳಗಿನ ಬೋಟೇ ಮೇಲು.

ಹೆಚ್ಚಿನವರು ಎಡವುವುದು ಅಲೆಯ ಲೆಕ್ಕದಲ್ಲಿ. ಎತ್ತರವನ್ನಷ್ಟೇ ಓದಿ, ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನು ಬಿಟ್ಟುಬಿಡುತ್ತಾರೆ. ಒಂದು ಮೀಟರ್ ಅಲೆ 6 ಸೆಕೆಂಡಿಗೊಮ್ಮೆ ಬಂದರೆ ಮೇಲೆ ಬೋಟ್ ಕುಲುಕುತ್ತದೆ, ವಾಂತಿಯಾಗುತ್ತದೆ. 10 ಮೀಟರ್ ಕೆಳಗಿಳಿದರೆ ಅದರ ತುಯ್ತ ಸುಮಾರು ಮೂರನೇ ಒಂದು ಪಾಲಿಗೆ ಇಳಿದಿರುತ್ತದೆ. ಅದೇ ಒಂದು ಮೀಟರ್ 14 ಸೆಕೆಂಡಿಗೊಮ್ಮೆ ಬಂದರೆ ಮೇಲೆ ನೀರು ನುಣ್ಣಗೆ ಕಾಣುತ್ತದೆ, ಕೆಳಗೆ ಮಾತ್ರ ಆಳದವರೆಗೂ ಹಿಂದೆ ಮುಂದೆ ಎಳೆದಾಡಿ ಬಂಡೆಗೆ ಒತ್ತುತ್ತದೆ. ಇಂಥ ಉದ್ದಲೆ ದೂರದ ಬಿರುಗಾಳಿಯ ಕೂಸು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ದಡ ಹತ್ತಿದ್ದು ಗುಜರಾತಿನಲ್ಲಿ, ಅಲೆ ಬಡಿದದ್ದು ನಮ್ಮ ಕರಾವಳಿಗೂ. ಇನ್ನೊಂದು: ಮುನ್ಸೂಚನೆಯ ಎತ್ತರ ಅಂದರೆ ಎಲ್ಲ ಅಲೆಗಳಲ್ಲಿ ಅತಿ ದೊಡ್ಡವಾದ ಮೂರನೇ ಒಂದು ಪಾಲಿನ ಸರಾಸರಿ. ನಡುವೆ ಒಂದು ಅದರ ಎರಡರಷ್ಟು ಏಳಬಹುದು.

ಉಬ್ಬರವಿಳಿತಕ್ಕೆ ಗೋಡೆಯ ಪಂಚಾಂಗವೇ ಸಾಕು. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಸೆಳೆತ ಜೋರು. ಅಷ್ಟಮಿ ಕಳೆದ ಒಂದೆರಡು ದಿನ ಸೌಮ್ಯ. ಆ್ಯಪ್‌ನ ಬಾಣ ನೋಡುವಾಗ ನೆನಪಿರಲಿ: ಗಾಳಿಯ ದಿಕ್ಕೆಂದರೆ ಅದು ಎಲ್ಲಿಂದ ಬರುತ್ತದೆ, ಪ್ರವಾಹದ ದಿಕ್ಕೆಂದರೆ ಅದು ಎತ್ತ ಹೋಗುತ್ತದೆ.

ನೀರು ತಿಳಿಯಾಗಿದೆಯೋ ಇಲ್ಲವೋ ಎಂಬುದನ್ನು ಆ್ಯಪ್ ಹೇಳುವುದಿಲ್ಲ. ಘಟ್ಟದಲ್ಲಿ ಅಕಾಲ ಮಳೆಯಾಗಿದ್ದರೆ ಶರಾವತಿ ಹೊನ್ನಾವರದಲ್ಲಿ ಕೆಂಪು ನೀರು ತಂದು ಸುರಿಯುತ್ತದೆ. ಅದಕ್ಕೇ ಬೋಟಿನವರಿಗೆ ಫೋನ್ ಹಚ್ಚುತ್ತೇನೆ. ‘ನೀರು ಚಲೋ ಐತೇನ್ರಿ ಅಣ್ಣಾರ?’ ಎಂದರೆ ‘ಬನ್ನಿ’ ಎನ್ನದೆ ಇನ್ನೇನು ಹೇಳಿಯಾರು? ‘ನಿನ್ನೆ ಎಷ್ಟು ಮೀಟರ್ ದೂರ ಕಾಣ್ತಿತ್ರಿ? ಲಂಗರು ದ್ವೀಪದ ಯಾವ ಬದಿಗೆ ಹಾಕಿದ್ರಿ?’ ಎಂದು ಕೇಳಬೇಕು. ಆಗ ಸಿಗುವ ಉತ್ತರವನ್ನು ಮುನ್ಸೂಚನೆಯ ಪಕ್ಕದಲ್ಲಿಟ್ಟು ನೋಡುತ್ತೇನೆ. ಎರಡಕ್ಕೂ ತಾಳೆಯಾಗದಿದ್ದರೆ ಮುಂದಿನ ವಾರಕ್ಕೆ ಹಾಕುತ್ತೇನೆ.