ಎಸ್‌ಜಿಪಿಟಿ ವರದಿಯನ್ನು ಓದುವ ಬಗೆ

ರಕ್ತಪರೀಕ್ಷೆಯ ವರದಿಯಲ್ಲಿ ಎಸ್‌ಜಿಪಿಟಿ ಹೆಚ್ಚಾಗಿದೆ ಎಂದು ಕಂಡರೆ, ಆ ಅಂಕಿ ಅಳೆಯುವುದೇನನ್ನು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಎಎಲ್‌ಟಿ ಎಂದೂ ಕರೆಯಲಾಗುವ, ಮುಖ್ಯವಾಗಿ ಯಕೃತ್ತಿನಲ್ಲಿರುವ ಈ ಕಿಣ್ವವು ಅಲನೀನ್ ಎಂಬ ಅಮೈನೋ ಆಮ್ಲದಿಂದ ಅಮೈನೋ ಗುಂಪನ್ನು ಬೇರ್ಪಡಿಸುತ್ತದೆ. ಉಳಿದ ಪೈರುವೇಟ್‌ನಿಂದ ಯಕೃತ್ತು ಗ್ಲೂಕೋಸ್ ತಯಾರಿಸಿಕೊಳ್ಳಬಲ್ಲದು. ಈ ಕೆಲಸ ನಡೆಯುವುದು ಜೀವಕೋಶದ ಒಳಗೆ. ಕೋಶಕ್ಕೆ ಹಾನಿಯಾದಾಗ ಕಿಣ್ವವು ರಕ್ತಕ್ಕೆ ಸೋರುತ್ತದೆ. ಆದ್ದರಿಂದ ವರದಿಯ ಅಂಕಿ ತಿಳಿಸುವುದು ಈ ಸೋರಿಕೆಯನ್ನೇ ಹೊರತು ಯಕೃತ್ತಿನ ಕಾರ್ಯಸಾಮರ್ಥ್ಯವನ್ನಲ್ಲ. ಸಾಮರ್ಥ್ಯವನ್ನು ಅರಿಯಲು ಯಕೃತ್ತು ಹೊರಹಾಕುವ ಬಿಲಿರುಬಿನ್, ಅದು ತಯಾರಿಸುವ ಆಲ್ಬುಮಿನ್ ಮತ್ತು ರಕ್ತ ಹೆಪ್ಪುಗಟ್ಟುವ ವೇಗವನ್ನು ತಿಳಿಸುವ ಐಎನ್‌ಆರ್ ನೋಡಬೇಕು. ಸಿರೋಸಿಸ್ (ಯಕೃತ್ತು ಗಾಯದ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ) ಆದವರಲ್ಲೂ ಎಸ್‌ಜಿಪಿಟಿ ಸಹಜ ಮಿತಿಯೊಳಗೇ ಇರುವುದುಂಟು.

ಅಂಕಿಯನ್ನು ಅದೇ ಲ್ಯಾಬ್ ಮುದ್ರಿಸಿರುವ ಮಿತಿಯೊಂದಿಗೆ ಹೋಲಿಸಿ, ಎಷ್ಟು ಪಟ್ಟು ಹೆಚ್ಚಿದೆ ಎಂದು ಲೆಕ್ಕ ಹಾಕಿರಿ. ಮಿತಿ 40 ಇದ್ದು ನಿಮ್ಮದು 70 ಆಗಿದ್ದರೆ ಅದು ಎರಡು ಪಟ್ಟಿಗಿಂತ ಕಡಿಮೆ. ತೂಕ, ಸಕ್ಕರೆ ಕಾಯಿಲೆ ಅಥವಾ ಮದ್ಯಪಾನದೊಂದಿಗೆ ಬರುವ ಫ್ಯಾಟಿ ಲಿವರ್‌ನಲ್ಲಿ ಸಾಮಾನ್ಯವಾಗಿ ಕಾಣುವುದು ಇಂಥ ಏರಿಕೆಯೇ. ಸಾವಿರ ದಾಟಿದರೆ ವೈರಲ್ ಹೆಪಟೈಟಿಸ್, ಪ್ಯಾರಾಸಿಟಮಾಲ್ ಅತಿಸೇವನೆಯಂಥ ತೀವ್ರ ಕಾರಣಗಳನ್ನು ವೈದ್ಯರು ಕೂಡಲೇ ಹುಡುಕುತ್ತಾರೆ.

ವರದಿಯಲ್ಲಿ ಪಕ್ಕದಲ್ಲೇ ಇರುವ ಎಸ್‌ಜಿಒಟಿ (ಎಎಸ್‌ಟಿ) ಎಂಬ ಇನ್ನೊಂದು ಕಿಣ್ವದ ಅಂಕಿಯನ್ನೂ ಬಿಡದೆ ನೋಡಿರಿ. ಅದು ಎಸ್‌ಜಿಪಿಟಿಯ ಎರಡು ಪಟ್ಟಿಗಿಂತ ಹೆಚ್ಚಿದ್ದರೆ ಮದ್ಯಪಾನದಿಂದಾದ ಹಾನಿಯ ಅನುಮಾನ ಬಲವಾಗುತ್ತದೆ. ಆದರೆ ಎಸ್‌ಜಿಒಟಿ ಸ್ನಾಯು, ಹೃದಯ ಮತ್ತು ಕೆಂಪು ರಕ್ತಕಣಗಳಲ್ಲೂ, ಎಸ್‌ಜಿಪಿಟಿ ಸ್ವಲ್ಪ ಮಟ್ಟಿಗೆ ಸ್ನಾಯುವಿನಲ್ಲೂ ಇರುವುದರಿಂದ, ಜಿಮ್‌ನಲ್ಲಿ ಭಾರ ಎತ್ತಿದವರಲ್ಲಿ ಎರಡೂ ಅಂಕಿಗಳು ಏರಿ ಒಂದು ವಾರಕ್ಕೂ ಹೆಚ್ಚು ಕಾಲ ಹಾಗೆಯೇ ಉಳಿಯಬಹುದು. ಅಂಥವರು ಕಠಿಣ ವ್ಯಾಯಾಮ ನಿಲ್ಲಿಸಿ, ಸ್ನಾಯುವಿನ ಹಾನಿ ತಿಳಿಸುವ ಸಿಪಿಕೆ ಪರೀಕ್ಷೆಯೊಂದಿಗೆ ಮರುಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ವೈದ್ಯರ ಬಳಿ ಹೋಗುವಾಗ ಹಳೆಯ ವರದಿಗಳನ್ನೂ, ನುಂಗುತ್ತಿರುವ ಪ್ರತಿಯೊಂದು ಮಾತ್ರೆ, ಪುಡಿ, ಕಷಾಯದ ಪಟ್ಟಿಯನ್ನೂ ಒಯ್ಯಿರಿ. ನಾಟಿ ಔಷಧವೆಂದು ಹೇಳದೆ ಮುಚ್ಚಿಡುವುದು ನನ್ನ ದೃಷ್ಟಿಯಲ್ಲಿ ಅತ್ಯಂತ ಅಪಾಯಕಾರಿ ಸಂಕೋಚ. ಕ್ಷಯರೋಗದ ಚಿಕಿತ್ಸೆಯಲ್ಲಿರುವವರಂತೂ ವಿಶೇಷ ಎಚ್ಚರ ವಹಿಸಬೇಕು. ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಮೂರೂ ಯಕೃತ್ತಿಗೆ ಹಾನಿ ಮಾಡಬಲ್ಲವು. ವಾಂತಿ, ಕಾಮಾಲೆಯಂಥ ಲಕ್ಷಣಗಳೊಂದಿಗೆ ಮಿತಿಯ 3 ಪಟ್ಟು, ಲಕ್ಷಣಗಳಿಲ್ಲದಿದ್ದರೂ 5 ಪಟ್ಟು ದಾಟಿದರೆ ವೈದ್ಯರು ಸಾಮಾನ್ಯವಾಗಿ ಈ ಔಷಧಗಳನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತಾರೆ. ಸಣ್ಣ ಏರಿಕೆ ಕಂಡು ತಾವಾಗಿಯೇ ಮಾತ್ರೆ ಬಿಡಬಾರದು. ಕಣ್ಣು ಹಳದಿಯಾಗಿ ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಮುಂದಿನ ಭೇಟಿಯ ದಿನಕ್ಕಾಗಿ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.